‘ಫಲ್ಮಿನಂಟ್’ ಅನ್ನುವುದಕ್ಕೆ ‘ತೀವ್ರ’ ಅಂತಷ್ಟೇ ಬರೆದರೆ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಆರೋಗ್ಯ ಪುಟಗಳಲ್ಲಿ ಲಿವರ್ ಉರಿಯೂತದ ‘ಫಲ್ಮಿನಂಟ್ ಹೆಪಟೈಟಿಸ್’, ಹೃದಯ ಸ್ನಾಯುವಿನ ಉರಿಯೂತದ ‘ಫಲ್ಮಿನಂಟ್ ಮಯೋಕಾರ್ಡೈಟಿಸ್’ ಎಂಬಂಥ ಮಾತು ಬಂದಾಗ ಕನ್ನಡದಲ್ಲಿ ಅದು ಬಹುಮಟ್ಟಿಗೆ ‘ತೀವ್ರ’ ಆಗಿಬಿಡುತ್ತದೆ. ಅಕ್ಯೂಟ್ ಅನ್ನುವುದಕ್ಕೂ ತೀವ್ರ, ಸಿವಿಯರ್ ಅನ್ನುವುದಕ್ಕೂ ತೀವ್ರ, ಐಸಿಯು ಅಂತೂ ಮೊದಲಿನಿಂದಲೂ ತೀವ್ರ ನಿಗಾ ಘಟಕ. ಈಗ ಫಲ್ಮಿನಂಟನ್ನೂ ಅದಕ್ಕೇ ಗಂಟುಹಾಕಿದರೆ ‘ತೀವ್ರ ಹೆಪಟೈಟಿಸ್ ಆಗಿ ತೀವ್ರ ನಿಗಾ ಘಟಕದಲ್ಲಿ ತೀವ್ರ ಅಸ್ವಸ್ಥರಾಗಿದ್ದಾರೆ’ ಎಂಬ ವಾಕ್ಯ ತಯಾರಾಗುತ್ತದೆ. ಮೂರು ಸಲ ತೀವ್ರ ಅಂದರೂ ಓದುಗರಿಗೆ ಕಾಯಿಲೆಯ ಬಗ್ಗೆ ಒಂದು ಹೊಸ ಸಂಗತಿಯೂ ತಿಳಿಯುವುದಿಲ್ಲ. ವೈದ್ಯಕೀಯ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿರುವ ನಾವು ಈ ಪದದ ಅರ್ಥ, ಅದು ಬಂದ ದಾರಿ, ಅದನ್ನು ಬೇರೆಯಾಗಿ ಉಳಿಸಿಕೊಳ್ಳಬೇಕಾದ ಕಾರಣ ಇವನ್ನು ಬರೆಯುತ್ತಿದ್ದೇವೆ.

ಮೊದಲು ಅರ್ಥ. ಅಕ್ಯೂಟ್ ಎಂಬುದು ಕಾಲವನ್ನು ಹೇಳುವ ಮಾತು. ಥಟ್ಟನೆ ಶುರುವಾಗಿ ಸ್ವಲ್ಪ ಕಾಲ ಇರುವಂಥದ್ದು. ನೆಗಡಿಯೂ ಅಕ್ಯೂಟೇ, ಅದನ್ನು ಗಂಭೀರ ಅಂತ ಯಾರೂ ಅನ್ನುವುದಿಲ್ಲ. ಸಿವಿಯರ್ ಎಂಬುದು ಪ್ರಮಾಣವನ್ನು ಹೇಳುವ ಮಾತು. ಹತ್ತು ವರ್ಷದಿಂದ ಇರುವ ಕೀಲುನೋವೂ ಸಿವಿಯರ್ ಆಗಿರಬಹುದು, ಆದರೆ ಅಕ್ಯೂಟ್ ಅಲ್ಲ. ಫಲ್ಮಿನಂಟ್‌ನಲ್ಲಿ ಈ ಎರಡೂ ಸೇರಿವೆ, ಜೊತೆಗೆ ಮೂರನೆಯದೊಂದಿದೆ: ಓಟ. ಮೊದಲ ಲಕ್ಷಣದಿಂದ ಅಂಗವೇ ಕೈಕೊಡುವ ಹಂತದವರೆಗಿನ ದಾರಿಯನ್ನು ರೋಗ ಗಂಟೆಗಳಲ್ಲಿ, ದಿನಗಳಲ್ಲಿ, ಹೆಚ್ಚೆಂದರೆ ಕೆಲವೇ ವಾರಗಳಲ್ಲಿ ಕ್ರಮಿಸಿಬಿಡುತ್ತದೆ. ಬರುವುದೂ ಹಠಾತ್ತು, ಬಂದದ್ದೂ ಗಂಭೀರ, ಏರುವುದೂ ಕ್ಷಿಪ್ರ. ಮೂರೂ ಕೂಡಿದಾಗ ಮಾತ್ರ ಈ ಪದ ಸಲ್ಲುತ್ತದೆ.

ಲ್ಯಾಟಿನ್ನಿನಲ್ಲಿ ‘ಫುಲ್ಮೆನ್’ ಅಂದರೆ ಸಿಡಿಲು, ‘ಫುಲ್ಮಿನಾರೆ’ ಅಂದರೆ ಸಿಡಿಲೆರಗಿಸು. ಆ ಕ್ರಿಯಾಪದದ ವರ್ತಮಾನ ಕೃದಂತವಾದ ‘ಫುಲ್ಮಿನಾನ್ಸ್’ನಿಂದ ಫಲ್ಮಿನಂಟ್ ಬಂತು. ನಿಘಂಟುಗಳು ಇಷ್ಟಕ್ಕೇ ನಿಲ್ಲುತ್ತವೆ. ಆದರೆ ಕನ್ನಡಕ್ಕೆ ಬೇಕಾದ ಸಂಗತಿ ಇದರ ಮುಂದಿದೆ. ರೋಮನ್ನರು ಆಕಾಶದ ಈ ಒಂದೇ ವಿದ್ಯಮಾನಕ್ಕೆ ಮೂರು ಹೆಸರಿಟ್ಟಿದ್ದರು: ಕಣ್ಣಿಗೆ ಹೊಡೆಯುವ ಬೆಳಕು ‘ಫುಲ್ಗುರ್’, ಬಂದು ಬಡಿಯುವುದು ‘ಫುಲ್ಮೆನ್’, ಸದ್ದು ‘ತೋನಿತ್ರುಸ್’. ಮೊದಲನೆಯದು ಬೆಂಕಿಯನ್ನು ತೋರಿಸುತ್ತದೆ, ಎರಡನೆಯದು ಅದನ್ನು ಎಸೆಯುತ್ತದೆ ಎಂದು ದಾರ್ಶನಿಕ ಸೆನೆಕ ವಿಂಗಡಿಸಿದ್ದಾನೆ. ಇಂಗ್ಲಿಷಿನ ದಿನಬಳಕೆಯಲ್ಲಿ ಮೊದಲ ಎರಡೂ ‘ಲೈಟ್ನಿಂಗ್’ ಎಂಬ ಒಂದೇ ಪದದೊಳಗೆ ಸೇರಿಹೋಗಿವೆ. ಕನ್ನಡದಲ್ಲಿ ಹಾಗಾಗಿಲ್ಲ. ಮಿಂಚು, ಸಿಡಿಲು, ಗುಡುಗು ಮೂರೂ ಬೇರೆಬೇರೆಯಾಗಿ, ಲ್ಯಾಟಿನ್ನಿನ ವಿಂಗಡಣೆಗೆ ತಾಳೆಯಾಗುವಂತೆ ಉಳಿದಿವೆ. ಹಾಗಿರುವಾಗ ಇಂಗ್ಲಿಷ್ ವಿವರಣೆಯನ್ನು ನೋಡಿಕೊಂಡು ‘ಮಿಂಚಿನ ವೇಗದ ಹೆಪಟೈಟಿಸ್’ ಎಂದು ಬರೆಯುವುದು ತಪ್ಪು. ಮಿಂಚಿನಲ್ಲಿ ವೇಗವಿದೆ, ಪೆಟ್ಟಿಲ್ಲ. ಮಿಂಚಿ ಮರೆಯಾಯಿತು ಅನ್ನುತ್ತೇವೆ; ಬಡಿಯುವುದು, ಎರಗುವುದು ಸಿಡಿಲೇ. ‘ಸಿಡಿ’ ಎಂಬ ನಮ್ಮದೇ ಧಾತುವಿನಿಂದ ಬಂದ ಆ ಪದದಲ್ಲಿ ಒಡೆದು ಚಿಮ್ಮುವ ಬಲವೂ ಅಡಗಿದೆ.

ಇನ್ನೂ ಹಿಂದಕ್ಕೆ ಹೋದರೆ, ಹೊಳೆ ಮತ್ತು ಉರಿ ಎಂಬ ಅರ್ಥದ ಇಂಡೋ-ಯುರೋಪಿಯನ್ ಧಾತುವೊಂದು ಸಿಗುತ್ತದೆ. ಇಂಗ್ಲಿಷಿನ ‘ಫ್ಲೇಮ್’ ಅದರದೇ ಕುಡಿ. ಗ್ರೀಕಿನ ‘ಫ್ಲೆಗ್ಮ’ ಕೂಡ ಅಲ್ಲಿಯದೇ. ಮೊದಲು ಉರಿ, ಉರಿಯೂತ ಎಂಬ ಅರ್ಥವಿದ್ದ ಆ ಪದ ಕೊನೆಗೆ ತಣ್ಣನೆಯ ಕಫಕ್ಕೆ ಹೆಸರಾಯಿತು! ತೇಜಸ್ಸು ಎಂಬರ್ಥದ ಸಂಸ್ಕೃತದ ‘ಭರ್ಗ’ವನ್ನೂ ಹಲವು ಭಾಷಾವಿಜ್ಞಾನಿಗಳು ಇದೇ ಧಾತುವಿಗೆ ಜೋಡಿಸುತ್ತಾರೆ.

ರೋಗಿಯ ಹಾಸಿಗೆಯ ಬಳಿಯಷ್ಟೇ ಅಲ್ಲ, ಪದ ಬೇರೆ ಕಡೆಯೂ ಸುತ್ತಾಡಿದೆ. ಸಿಡಿಲು ಜುಪಿಟರ್ ದೇವರ ಆಯುಧ. ಮುಂದೆ ಕ್ರೈಸ್ತ ಚರ್ಚು ಬಹಿಷ್ಕಾರ ಘೋಷಿಸುವುದಕ್ಕೆ ಇದೇ ಕ್ರಿಯಾಪದವನ್ನು ಬಳಸಿತು. ಯಾರ ಮೇಲಾದರೂ ಕೆಂಡ ಕಾರುವುದಕ್ಕೆ ಇಂಗ್ಲಿಷಿನಲ್ಲಿ ಇವತ್ತಿಗೂ ‘ಫಲ್ಮಿನೇಟ್’ ಎನ್ನುವುದು ಆ ಬಳಕೆಯ ಮುಂದುವರಿಕೆ. ರಸಾಯನಶಾಸ್ತ್ರದಲ್ಲಿ ಎಡ್ವರ್ಡ್ ಹೋವರ್ಡ್ 1800ರಲ್ಲಿ ವಿವರಿಸಿದ ಪಾದರಸದ ಫಲ್ಮಿನೇಟ್, ಸಣ್ಣ ಪೆಟ್ಟಿಗೂ ಸ್ಫೋಟಿಸುವ ಗುಣದಿಂದ ಮುಂದೆ ನೊಬೆಲ್‌ನ ಡಿಟೋನೇಟರ್‌ಗಳಿಗೆ ಒದಗಿತು. ಜರ್ಮನ್ನರು ಮಾತ್ರ ಈ ಪದವನ್ನು ಹೊಗಳಿಕೆಗೂ ಹಿಡಿದಿದ್ದಾರೆ. ಅವರಲ್ಲಿ ಗೆಲುವೂ ಫಲ್ಮಿನಂಟ್, ಅಂದರೆ ಭರ್ಜರಿ.

ಇನ್ನು ವೈದ್ಯಕೀಯಕ್ಕೆ ಬರೋಣ. ಪದ ಅತಿ ಹೆಚ್ಚು ಬಳಕೆಯಾಗಿರುವುದು ಲಿವರ್ ಕಾಯಿಲೆಯಲ್ಲಿ. 1970ರಲ್ಲಿ ಟ್ರೇ ಮತ್ತು ಡೇವಿಡ್ಸನ್ ಎಂಬ ವೈದ್ಯರು ‘ಫಲ್ಮಿನಂಟ್ ಲಿವರ್ ವೈಫಲ್ಯ’ಕ್ಕೆ ಗೆರೆ ಎಳೆದರು: ಮೊದಲು ಲಿವರ್ ಕಾಯಿಲೆ ಇಲ್ಲದವರಲ್ಲಿ, ಮೊದಲ ಲಕ್ಷಣ ಕಂಡ 8 ವಾರಗಳೊಳಗೆ ಮಿದುಳು ಮಂಕಾಗುವ ಸ್ಥಿತಿ, ಅಂದರೆ ಎನ್ಸೆಫಲೋಪತಿ, ಬಂದಿರಬೇಕು. 1993ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ ಕಾಮಾಲೆ ಕಂಡ ದಿನದಿಂದ ಎಣಿಸುವ ಇನ್ನೊಂದು ಲೆಕ್ಕ ಕೊಟ್ಟಿತು. 7 ದಿನದೊಳಗೆ ಮಂಕು ಕವಿದರೆ ಹೈಪರ್‌ಅಕ್ಯೂಟ್, 8ರಿಂದ 28 ದಿನವಾದರೆ ಅಕ್ಯೂಟ್, 5ರಿಂದ 12 ವಾರವಾದರೆ ಸಬ್‌ಅಕ್ಯೂಟ್.

ಇಲ್ಲೊಂದು ವಿಚಿತ್ರವಿದೆ. ಅತಿ ವೇಗವಾಗಿ ಎರಗುವ ಹೈಪರ್‌ಅಕ್ಯೂಟ್ ಬಗೆಯಲ್ಲಿ ಮಿದುಳು ಬಾತುಕೊಳ್ಳುವ ಅಪಾಯ ಹೆಚ್ಚು. ಆದರೂ ಕಸಿಯಿಲ್ಲದೆ ಲಿವರ್ ತಾನಾಗಿ ಚೇತರಿಸಿಕೊಳ್ಳುವ ಸಂಭವವೂ ಅದರಲ್ಲೇ ಹೆಚ್ಚು. ನಿಧಾನವಾಗಿ ಬರುವ ಸಬ್‌ಅಕ್ಯೂಟ್ ಬಗೆಯಲ್ಲಿ ಮಿದುಳಿನ ಬಾವು ಕಡಿಮೆ, ಆದರೆ ಕಸಿ ಮಾಡದಿದ್ದರೆ ಉಳಿಯುವವರು ವಿರಳ. ಆದ್ದರಿಂದ ‘ಫಲ್ಮಿನಂಟ್’ ಎಂದು ಕಂಡ ತಕ್ಷಣ ‘ಮಾರಣಾಂತಿಕ’ ಎಂದು ಶೀರ್ಷಿಕೆ ಕೊಡುವುದೂ ಸರಿಯಲ್ಲ. ಪದ ಓಟವನ್ನು ಹೇಳುತ್ತದೆ, ತೀರ್ಪನ್ನು ಕೊಡುವುದಿಲ್ಲ. ಈಗ ಲಿವರ್ ತಜ್ಞರು ಬಹುತೇಕ ‘ಅಕ್ಯೂಟ್ ಲಿವರ್ ಫೇಲ್ಯೂರ್’ ಎಂದೇ ಬರೆಯುತ್ತಾರೆ. ಅದರ ಅಳತೆ ಹೀಗಿದೆ: ಮೊದಲು ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಡುಸಾಗುವ ಕಾಯಿಲೆ, ಇಲ್ಲದವರಲ್ಲಿ 26 ವಾರಕ್ಕಿಂತ ಈಚಿನ ಕಾಯಿಲೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಹೇಳುವ ಐಎನ್‌ಆರ್ 1.5 ಅಥವಾ ಹೆಚ್ಚು, ಜೊತೆಗೆ ಎಷ್ಟೇ ಸಣ್ಣ ಪ್ರಮಾಣದಲ್ಲಾದರೂ ಮಂಕು.

ಕಾರಣಗಳಲ್ಲಿ ಹೆಪಟೈಟಿಸ್ ಎ, ಬಿ ಮತ್ತು ಇ ವೈರಸ್‌ಗಳು, ಪ್ಯಾರಾಸಿಟಮಾಲ್‌ನ ಮಿತಿಮೀರಿದ ಸೇವನೆ, ಕ್ಷಯದ ಮಾತ್ರೆಗಳಲ್ಲಿ ಐಸೋನಯಾಜಿಡ್ ಮತ್ತು ಪೈರಾಜಿನಮೈಡ್, ಮೈಯಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ ಮುಖ್ಯವಾದವು. ಅಕ್ಯೂಟ್ ಹೆಪಟೈಟಿಸ್ ಬಿ ಬಂದವರಲ್ಲಿ ಸಿಡಿಲಿನ ರೂಪ ತಾಳುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಹೆಪಟೈಟಿಸ್ ಇ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಬಂದರೆ ಮಾತು ಬೇರೆ. ಅವರಲ್ಲಿ ಶೇ 20–25ರವರೆಗೂ ಸಾವು ಸಂಭವಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈ ಸ್ಥಿತಿಯಲ್ಲಿ ಎಡವುವುದು ಲ್ಯಾಬ್ ವರದಿ ಓದುವಾಗ. ಎಎಲ್‌ಟಿ, ಎಎಸ್‌ಟಿ ಎಂಬ, ಲಿವರ್ ಜೀವಕೋಶ ಕೆಟ್ಟಾಗ ರಕ್ತಕ್ಕೆ ಸೋರುವ ಕಿಣ್ವಗಳು ಸಾವಿರಗಳಲ್ಲಿದ್ದು ಎರಡು ಮೂರು ದಿನದಲ್ಲಿ ನೂರರ ಲೆಕ್ಕಕ್ಕೆ ಇಳಿದರೆ ಮನೆಯವರು ಗುಣವಾಗುತ್ತಿದೆ ಎಂದುಕೊಳ್ಳುತ್ತಾರೆ. ಅದೇ ಹೊತ್ತಿಗೆ ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ನೂ ಐಎನ್‌ಆರೂ ಏರುತ್ತಿದ್ದರೆ ಅದು ಗುಣವಲ್ಲ. ಕಿಣ್ವ ಸೋರಲು ಜೀವಕೋಶಗಳೇ ಉಳಿದಿಲ್ಲ ಎಂದರ್ಥ. ಲಿವರ್ ತಯಾರಿಸುವ ಪ್ರೋಟೀನಾದ ಅಲ್ಬುಮಿನ್ ಸರಿಯಾಗಿದೆ ಎಂಬ ಸಮಾಧಾನವೂ ಹುಸಿ. ರಕ್ತದಲ್ಲಿ ಅಲ್ಬುಮಿನ್‌ನ ಅರ್ಧಾಯುಷ್ಯ (ಪ್ರಮಾಣ ಅರ್ಧಕ್ಕಿಳಿಯಲು ಹಿಡಿಯುವ ಕಾಲ) ಸುಮಾರು 20 ದಿನ, ಹೆಪ್ಪುಗಟ್ಟಿಸುವ 7ನೆಯ ಅಂಶದ್ದು ಐದಾರು ಗಂಟೆ. ಲಿವರ್ ಇವತ್ತು ನಿಂತುಹೋದರೆ ನಾಳೆಯ ವರದಿಯಲ್ಲಿ ಕೆಡುವುದು ಐಎನ್‌ಆರ್. ಅಲ್ಬುಮಿನ್ ಹಳೆಯ ದಾಸ್ತಾನಿನ ಮೇಲೆ ನಡೆಯುತ್ತಿರುತ್ತದೆ. ಹಠಾತ್ ಕಾಯಿಲೆಯನ್ನು ಹಳೆಯ ಸಿರೋಸಿಸ್‌ನಿಂದ ಬೇರ್ಪಡಿಸಲು ವೈದ್ಯರಿಗೆ ಇದೂ ಒಂದು ಸುಳಿವು.

ಮಂಕಿನ ಮೊದಲ ಹಂತ ಗೊತ್ತೇ ಆಗದಷ್ಟು ಸಣ್ಣದು: ಹಗಲು ನಿದ್ದೆ, ರಾತ್ರಿ ಎಚ್ಚರ, ಸಿಡುಕು, ಲೆಕ್ಕ ತಪ್ಪುವುದು. ಎರಡನೆಯ ಹಂತದಲ್ಲಿ ತೂಕಡಿಕೆ, ದಿನ ವಾರ ನೆನಪಿಲ್ಲದಿರುವುದು. ಕೈ ಮುಂದೆ ಚಾಚಿ ಮಣಿಕಟ್ಟನ್ನು ಮೇಲಕ್ಕೆತ್ತಿ ಹಿಡಿ ಎಂದರೆ ಅಂಗೈ ನಿಲ್ಲದೆ ಪದೇ ಪದೇ ಜೋಲುತ್ತದೆ. ಮೂರರಲ್ಲಿ ಕೂಗಿದರೆ ಮಾತ್ರ ಎಚ್ಚರ, ನಾಲ್ಕರಲ್ಲಿ ಕೋಮಾ. ಕಾಮಾಲೆ ಇರುವವರು ರಾತ್ರಿ ನಿದ್ದೆಯಿಲ್ಲದೆ ಒದ್ದಾಡುತ್ತಾರೆಂದು ನಿದ್ದೆ ಮಾತ್ರೆ ಕೊಡುವುದು ಈ ಕಾರಣಕ್ಕೇ ಅಪಾಯ. ಮಾತ್ರೆಯ ಮಂಪರು ಯಾವುದು, ಕಾಯಿಲೆಯ ಮಂಪರು ಯಾವುದು ಎಂದು ಆಮೇಲೆ ಬೇರ್ಪಡಿಸಲಾಗುವುದಿಲ್ಲ. ಲಿವರ್ ಸಕ್ಕರೆ ಬಿಡುಗಡೆ ಮಾಡದಿರುವುದರಿಂದ ರಕ್ತದ ಗ್ಲೂಕೋಸ್ ಕುಸಿದೂ ಹೀಗಾಗಬಹುದು. ಅದನ್ನು ಗಂಟೆಗಂಟೆಗೆ ನೋಡುತ್ತಿರಬೇಕಾಗುತ್ತದೆ.

ಪ್ಯಾರಾಸಿಟಮಾಲ್ ವಿಚಾರದಲ್ಲಿ ‘ಹಠಾತ್’ ಎಂಬ ಮಾತನ್ನು ಕೊಂಚ ಎಚ್ಚರದಿಂದ ಬಳಸಬೇಕು. ಮಿತಿಮೀರಿ ಹೊಟ್ಟೆಗೆ ಹೋದ ಮೊದಲ 24 ಗಂಟೆಯಲ್ಲಿ ವಾಕರಿಕೆ, ವಾಂತಿ ಬಿಟ್ಟರೆ ಹೆಚ್ಚೇನೂ ಕಾಣದಿರಬಹುದು. ಅದೂ ನಿಂತು ವ್ಯಕ್ತಿ ಚೆನ್ನಾಗೇ ಇದ್ದಾರೆ ಅನ್ನಿಸಬಹುದು. ಲಿವರ್ ಹಾನಿ ಶಿಖರಕ್ಕೆ ಏರುವುದು 72ರಿಂದ 96 ಗಂಟೆಗಳ ನಡುವೆ. ಅಂದರೆ ಸಿಡಿಲು ಎರಗಿದಂತೆ ಕಂಡದ್ದು ನೋಡುವವರಿಗೆ, ಒಳಗೆ ಅದು ಮೂರು ದಿನದಿಂದ ನಡೆಯುತ್ತಿತ್ತು. ಪ್ರತಿವಿಷವಾದ ಎನ್-ಅಸಿಟೈಲ್‌ಸಿಸ್ಟೀನ್ 8 ಗಂಟೆಯೊಳಗೆ ಶುರುವಾದರೆ ಅತ್ಯಂತ ಪರಿಣಾಮಕಾರಿ. ತಡವಾದರೂ ಪ್ರಯೋಜನವಿದೆ, ಆದರೆ ಲಕ್ಷಣ ಕಾಣಲಿ ಎಂದು ಕಾಯುವವರು ಆ 8 ಗಂಟೆಯನ್ನು ಕಳೆದುಕೊಂಡಿರುತ್ತಾರೆ. ಇಂಥ ಸುದ್ದಿ ಬರೆಯುವಾಗ ಈ ಒಂದು ಸಾಲು ಸೇರಿಸಿದರೆ ವರದಿಯ ಉಳಿದ ಭಾಗಕ್ಕಿಂತ ಹೆಚ್ಚು ಉಪಕಾರವಾದೀತು.

ಅನುವಾದದಲ್ಲಿ ಪದ ಕಲಸಿಹೋದರೆ ಏನಾಗುತ್ತದೆ ಎಂಬುದಕ್ಕೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಬ್ಯಾಕ್ಟೀರಿಯಾದ ಕರುಳು ಸೋಂಕಿಗಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ. ಆ್ಯಂಟಿಬಯೋಟಿಕ್ ಸೇವನೆಯ ನಂತರ ಬರುವ ಭೇದಿಯ ಒಂದು ಬಗೆ ಅದು. ಅಮೆರಿಕದ ಸೋಂಕುರೋಗ ತಜ್ಞರು 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಸಿವಿಯರ್ ಬೇರೆ, ಫಲ್ಮಿನಂಟ್ ಬೇರೆ. ಬಿಳಿ ರಕ್ತಕಣ ಘನ ಮಿಲಿಮೀಟರಿಗೆ 15,000 ಅಥವಾ ಹೆಚ್ಚಿದ್ದರೆ, ಇಲ್ಲವೇ ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಡೆಸಿಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಅದು ಸಿವಿಯರ್. ರಕ್ತದೊತ್ತಡ ಕುಸಿದರೆ, ಕರುಳಿನ ಚಲನೆ ನಿಂತರೆ ಅಥವಾ ದೊಡ್ಡ ಕರುಳು ಬಲೂನಿನಂತೆ ಉಬ್ಬಿದರೆ ಫಲ್ಮಿನಂಟ್. ಆ ಮಾರ್ಗಸೂಚಿಯಲ್ಲಿ ಸಿವಿಯರ್ ಆದಾಗ ವ್ಯಾಂಕೋಮೈಸಿನ್ 125 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ ಬಾಯಿಯ ಮೂಲಕ. ಫಲ್ಮಿನಂಟ್ ಆದರೆ ಅದೇ ಔಷಧ ಒಂದು ಸಲಕ್ಕೆ 500 ಮಿಲಿಗ್ರಾಂ, ಜೊತೆಗೆ ಮೆಟ್ರೊನಿಡಜೋಲ್ ರಕ್ತನಾಳಕ್ಕೆ, ಶಸ್ತ್ರವೈದ್ಯರಿಗೂ ಕರೆ. ಎರಡಕ್ಕೂ ‘ತೀವ್ರ’ ಎಂದು ಬರೆದ ಕನ್ನಡ ಕೈಪಿಡಿಯನ್ನು ಶುಶ್ರೂಷಕರ ಕೈಗೆ ಕೊಟ್ಟರೆ ನಾಲ್ಕು ಪಟ್ಟು ವ್ಯತ್ಯಾಸ ಒಂದೇ ಪದದಡಿ ಮುಚ್ಚಿಹೋಗುತ್ತದೆ. ಇನ್ನೊಂದು ಸಂಗತಿ: ಕರುಳಿನ ಚಲನೆ ನಿಂತಾಗ ಭೇದಿಯೂ ನಿಲ್ಲುತ್ತದೆ. ಭೇದಿ ಕಡಿಮೆಯಾಯಿತು ಎಂದು ನೆಮ್ಮದಿಪಡುವ ಹೊತ್ತಿಗೆ ಹೊಟ್ಟೆ ಉಬ್ಬಿದ್ದರೆ ಅದು ಕೆಟ್ಟ ಸೂಚನೆ.

ವೇಗವನ್ನು ಪ್ರಯೋಗಾಲಯದ ಅಂಕಿಯಲ್ಲೇ ತೋರಿಸುವ ಕಾಯಿಲೆಯೂ ಉಂಟು. ಜಪಾನಿನ ವೈದ್ಯರು 2000ದಲ್ಲಿ ‘ಫಲ್ಮಿನಂಟ್ ಟೈಪ್ 1 ಮಧುಮೇಹ’ ಎಂಬುದನ್ನು ಗುರುತಿಸಿದರು. ದಾಹ, ಪದೇ ಪದೇ ಮೂತ್ರ ಮುಂತಾದವು ಶುರುವಾದ ಸುಮಾರು ಒಂದು ವಾರದೊಳಗೆ ರೋಗಿ, ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್‌ಗೆ ಜಾರುತ್ತಾರೆ. ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 288 ಮಿಲಿಗ್ರಾಂ ಅಥವಾ ಅದಕ್ಕಿಂತ ಮೇಲಿರುತ್ತದೆ, ಆದರೆ ಎಚ್‌ಬಿಎ1ಸಿ ಶೇ 8.7ಕ್ಕಿಂತ ಕಡಿಮೆ. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುವ ಪರೀಕ್ಷೆ. ಸಕ್ಕರೆ ಏರಿದ್ದು ಕೆಲವೇ ದಿನದಲ್ಲಾದ್ದರಿಂದ ಸರಾಸರಿಗೆ ಏರಲು ಪುರುಸೊತ್ತೇ ಸಿಕ್ಕಿರುವುದಿಲ್ಲ. ಎಚ್‌ಬಿಎ1ಸಿ ಒಂದನ್ನೇ ನೋಡಿ ಸಾಧಾರಣ ಮಧುಮೇಹ ಎಂದು ಮನೆಗೆ ಕಳಿಸಿದರೆ ಜೀವಕ್ಕೇ ಸಂಚಕಾರ.

ಹೃದಯ ಸ್ನಾಯುವಿನ ಉರಿಯೂತದಲ್ಲಿ ರಕ್ತದೊತ್ತಡವನ್ನು ಎತ್ತಿಹಿಡಿಯುವ ಔಷಧ ಅಥವಾ ಯಂತ್ರದ ನೆರವು ಬೇಕಾಗುವ ಹಂತಕ್ಕೆ ರೋಗ ಥಟ್ಟನೆ ಬಂದರೆ ಅದನ್ನು ಫಲ್ಮಿನಂಟ್ ಎನ್ನುತ್ತಾರೆ. ಆರಂಭದ ಬಿರುಗಾಳಿಯನ್ನು ದಾಟಿದ ಇಂಥವರ ಹೃದಯ ಉಳಿದವರದಕ್ಕಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ ಎಂದು 2000ದ ಅಧ್ಯಯನವೊಂದು ಹೇಳಿತ್ತು. 2017ರ ದೊಡ್ಡ ಅಧ್ಯಯನ ಆ ಭರವಸೆಯನ್ನು ತಿರುವಿಹಾಕಿತು.

ಚರ್ಮದಲ್ಲಿ ‘ಪರ್ಪ್ಯುರಾ ಫಲ್ಮಿನಾನ್ಸ್’ ಎಂಬುದೊಂದಿದೆ. ಜರ್ಮನ್ ವೈದ್ಯ ಹೆನೋಕ್ 1887ರಲ್ಲಿ ಬರೆದದ್ದು. ಸೂಕ್ಷ್ಮ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿ ಚರ್ಮ ನೇರಳೆಯಾಗಿ, ಕಪ್ಪಾಗಿ ಸಾಯುತ್ತದೆ. ಮಿದುಳುಪೊರೆಯ ಜ್ವರ ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಗಂಟೆಗಳಲ್ಲೇ ಹೀಗಾಗಬಹುದು. ಜ್ವರದ ಮಗುವಿನ ಮೈಮೇಲೆ ಕೆಂಪು-ನೇರಳೆ ಚುಕ್ಕೆ ಕಂಡರೆ ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಅದರ ಮೇಲೆ ಒತ್ತಿ ನೋಡುವುದು ಸುಲಭ ಪರೀಕ್ಷೆ. ಒತ್ತಿದಾಗಲೂ ಬಣ್ಣ ಮಾಸದಿದ್ದರೆ ಆ ಕ್ಷಣವೇ ತುರ್ತು ಚಿಕಿತ್ಸೆ ಬೇಕು. ಮಾಸಿದರೂ ಮಗು ಸೊರಗಿದ್ದರೆ ಕಾಯುವಂತಿಲ್ಲ, ಏಕೆಂದರೆ ಆರಂಭದ ಚುಕ್ಕೆಗಳು ಮಾಸುವುದುಂಟು.

ಗುಡುಗಿಗೂ ವೈದ್ಯಕೀಯದಲ್ಲಿ ಪಾಲಿದೆ. ಇಂಗ್ಲಿಷಿನ ‘ಥಂಡರ್‌ಕ್ಲ್ಯಾಪ್’ ತಲೆನೋವು ಒಂದು ನಿಮಿಷದೊಳಗೆ ತನ್ನ ಉತ್ತುಂಗ ಮುಟ್ಟುವಂಥದ್ದು. ಮಿದುಳಿನ ಹೊದಿಕೆಯಡಿ ರಕ್ತಸ್ರಾವ ಆಗಿದೆಯೇ ಎಂದು ತಕ್ಷಣ ನೋಡಬೇಕಾದ್ದು. ಅದನ್ನು ‘ಸಿಡಿಲು ಬಡಿದಂಥ ತಲೆನೋವು’ ಎಂದು ಕನ್ನಡಿಸುವುದಕ್ಕೆ ನಮ್ಮ ತಕರಾರಿಲ್ಲ. ನಮ್ಮ ಮಾತಿನಲ್ಲಿ ಪೆಟ್ಟು ಕೊಡುವುದು ಸಿಡಿಲೇ ತಾನೆ.

ಹಾಗಾದರೆ ಏನು ಬರೆಯಬೇಕು? ಅಕ್ಯೂಟ್‌ಗೆ ‘ಹಠಾತ್’ ಅಥವಾ ಸಂದರ್ಭ ನೋಡಿ ‘ಅಲ್ಪಾವಧಿಯ’, ಸಿವಿಯರ್‌ಗೆ ‘ತೀವ್ರ’, ಇರುವ ಕಾಯಿಲೆ ಹೆಚ್ಚಾದರೆ ‘ಉಲ್ಬಣ’, ಫಲ್ಮಿನಂಟ್‌ಗೆ ‘ಸಿಡಿಲೆರಗಿನ’ ಎಂಬುದು ನಮ್ಮ ಸಲಹೆ. ‘ಉಲ್ಬಣಗೊಂಡ ಹೆಪಟೈಟಿಸ್’ ಎಂದು ಫಲ್ಮಿನಂಟನ್ನು ಬರೆಯುವವರಿದ್ದಾರೆ. ಹಾಗೆ ಬರೆದರೆ ಮೊದಲೇ ಕಾಯಿಲೆ ಇತ್ತು ಎಂದಾಗುತ್ತದೆ, ಅಲ್ಲಿ ವ್ಯಾಖ್ಯೆಯೇ ತಲೆಕೆಳಗು. ಆಯುರ್ವೇದದ ‘ಆಶುಕಾರಿ’ಯನ್ನು ತರಬಹುದು ಎಂದು ಕೆಲವರು ಹೇಳಿಯಾರು. ಆಶುಕವಿತೆಯ ಆಶುವೇ ಅದು, ವೇಗಕ್ಕೆ ಸರಿಯಾದ ಪದ. ಆದರೆ ಅದೇ ಶಾಸ್ತ್ರ ವಿಷಕ್ಕೆ ಹತ್ತು ಗುಣ ಹೇಳುವಾಗ ‘ಆಶು’ವನ್ನೂ ‘ತೀಕ್ಷ್ಣ’ವನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ವೇಗ ಒಂದು, ಕಡುಪು ಇನ್ನೊಂದು ಎಂಬ ವಿವೇಕ ಅಲ್ಲಿದೆ. ಫಲ್ಮಿನಂಟ್‌ಗೆ ಎರಡೂ ಬೇಕಾದ್ದರಿಂದ ಆಶುಕಾರಿ ಅರ್ಧ ಮಾತ್ರ ಆಗುತ್ತದೆ. ಸಿಡಿಲೆರಗಿದಂಥ ಎನ್ನಲು ‘ಅಶನಿಪಾತಸದೃಶ’ದಂಥ ಪದಗಳನ್ನಂತೂ ದಯವಿಟ್ಟು ಹೊಸೆಯಬಾರದು; ಅವು ರೋಗಕ್ಕಿಂತ ಭಯಂಕರ.

ವೈದ್ಯರ ಹೇಳಿಕೆಯನ್ನೋ ಆಸ್ಪತ್ರೆಯ ಪ್ರಕಟಣೆಯನ್ನೋ ಆಧರಿಸಿ ಬರೆಯುವಾಗ ಮೊದಲ ಸಲ ‘ಫಲ್ಮಿನಂಟ್’ ಎಂದೇ ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದಲ್ಲೇ ‘ಸಿಡಿಲೆರಗಿನಂತೆ ಬಂದು ಬೇಗ ಉಗ್ರವಾಗುವ’ ಎಂದು ಬಿಡಿಸಿ ಹೇಳಿದರೆ ಸಾಕು. ಮುಂದಿನ ಸಾಲುಗಳಲ್ಲಿ ಯಾವುದಾದರೂ ಒಂದನ್ನು ಹಿಡಿದರಾಯಿತು. ಮೂಲದಲ್ಲಿ ಫಲ್ಮಿನಂಟ್ ಇಲ್ಲದ ಕಡೆ ವರದಿಗೆ ರಂಗೇರಿಸಲು ಸಿಡಿಲನ್ನು ತರುವುದು ಬೇಡ. ಮೂಲದಲ್ಲಿ ಆ ಪದ ಇದ್ದರೆ, ಮೊದಲ ಲಕ್ಷಣ ಯಾವತ್ತು ಕಂಡಿತು, ಅಂಗ ವೈಫಲ್ಯ ಯಾವತ್ತು ಆಯಿತು ಎಂಬ ಎರಡು ದಿನಾಂಕಗಳನ್ನು ವೈದ್ಯರಿಂದ ಕೇಳಿ, ರೋಗಿಯ ಕಡೆಯವರ ಒಪ್ಪಿಗೆಯಿದ್ದರೆ ಅದನ್ನೂ ವರದಿಯಲ್ಲಿ ಕೊಡಬಹುದು.

ಇತಿ,
ವೈದ್ಯಕೀಯ ಅನುವಾದದಲ್ಲಿ ತೊಡಗಿರುವ ಓದುಗರು